ಪೇಡೆಯಾಚೆಗಿನ ಹುಬ್ಬಳ್ಳಿ-ಧಾರವಾಡ

ಊರಿಗೆ ಬಂದ ನೆಂಟರ ಕೈಗೆ ಪೇಡೆಯ ಪೊಟ್ಟಣ ಕೊಟ್ಟು, ಉಣಕಲ್ ಕೆರೆಯ ದಂಡೆಯಲ್ಲಿ ಒಂದು ಸುತ್ತು ಹಾಕಿಸಿದರೆ ಅವಳಿ ನಗರದ ದರ್ಶನ ಮುಗಿಯಿತೆಂದು ನಾವು ಭಾವಿಸುತ್ತೇವೆ. ನನ್ನನ್ನು ಕೇಳಿದರೆ ಮೊದಲು ಕರೆದೊಯ್ಯಬೇಕಾದದ್ದು ಹುಬ್ಬಳ್ಳಿಯ ಬೆಂಗೇರಿಗೆ. 1957ರಲ್ಲಿ ಸ್ಥಾಪನೆಯಾದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದವರು ಅಲ್ಲಿ ಖಾದಿಯ ರಾಷ್ಟ್ರಧ್ವಜವನ್ನು ಸಿದ್ಧಪಡಿಸುತ್ತಾರೆ. ಬಟ್ಟೆಗೆ ಬಣ್ಣ ಹಾಕಿ, ಎರಡೂ ಬದಿಗೆ ಒಂದೇ ಜಾಗದಲ್ಲಿ ಕೂರುವಂತೆ ಅಶೋಕ ಚಕ್ರವನ್ನು ಮುದ್ರಿಸಿ, ಹೊಲಿದು, ಹಗ್ಗ ಪೋಣಿಸುವ ಈ ಕೆಲಸದಲ್ಲಿ ಬಹುಪಾಲು ಮಹಿಳೆಯರೇ ಇದ್ದಾರೆ. ಆರು ಇಂಚು ಉದ್ದದ ಮೇಜಿನ ಧ್ವಜದಿಂದ 21 ಅಡಿ ಉದ್ದದ ಧ್ವಜದವರೆಗೆ ನಿಗದಿಯಾದ ಅಳತೆಗಳು ಒಟ್ಟು 9. ರಾಷ್ಟ್ರಧ್ವಜದ ನಿಯಮಗಳಾದ ಧ್ವಜ ಸಂಹಿತೆಗೆ 2021ರ ಡಿಸೆಂಬರ್‌ನಲ್ಲಿ ಬಂದ ತಿದ್ದುಪಡಿ ಪಾಲಿಯೆಸ್ಟರ್ ಬಟ್ಟೆಗೂ ಯಂತ್ರದಲ್ಲಿ ತಯಾರಾದ ಧ್ವಜಕ್ಕೂ ಅನುಮತಿ ಕೊಟ್ಟ ಮೇಲೆ ಈ ಕೈಗಳ ದುಡಿಮೆಗೆ ಪೆಟ್ಟು ಬಿದ್ದಿದೆ, ಆದ್ದರಿಂದ ಆಗಸ್ಟ್ ತಿಂಗಳಲ್ಲಿ ಅಗ್ಗದ ಬೆಲೆ ನೋಡಿ ಕೊಳ್ಳುವವರು ಒಮ್ಮೆ ಯೋಚಿಸಬೇಕೆಂಬುದು ನನ್ನ ಅಭಿಪ್ರಾಯ.

ಹಸಿವಾದರೆ ಸಿದ್ಧಾರೂಢ ಮಠದ ದಾಸೋಹದ ಪಂಕ್ತಿಯಲ್ಲಿ ಕುಳಿತುಕೊಳ್ಳಬಹುದು, ಅಲ್ಲಿ ಯಾರ ಜಾತಿಯನ್ನೂ ಕೇಳುವುದಿಲ್ಲ. ಖಾರ ತಾಳುವವರಿಗೆ ಸಾವಜಿ ಖಾನಾವಳಿಗಳಿವೆ (ಮೊದಲ ಬಾರಿಗೆ ಹೋಗುವವರು ನೀರಿನ ತಂಬಿಗೆಯನ್ನು ಹತ್ತಿರವಿಟ್ಟುಕೊಳ್ಳುವುದು ಕ್ಷೇಮ), ಸಂಜೆಗೆ ಗಿರಮಿಟ್ಟು, ಮಿರ್ಚಿ ಇದ್ದೇ ಇವೆ. ಅದಾದ ಮೇಲೆ ಧಾರವಾಡದತ್ತ ಹೊರಟರೆ, 1890ರಿಂದ ನಡೆದುಬಂದಿರುವ ಕರ್ನಾಟಕ ವಿದ್ಯಾವರ್ಧಕ ಸಂಘದ ಸಭಾಂಗಣದಲ್ಲಿ ಉಪನ್ಯಾಸವೋ ಪುಸ್ತಕ ಬಿಡುಗಡೆಯೋ ನಡೆಯುತ್ತಿರುವ ಸಾಧ್ಯತೆಯೇ ಹೆಚ್ಚು.