ಅಂಗಡಿಗೆ ಸ್ವಂತ ಮಳಿಗೆಯೋ, ಬಾಡಿಗೆ ಮಳಿಗೆಯೋ?

ವ್ಯಾಪಾರ ಒಂದು ಹದಕ್ಕೆ ಬಂದು ನಾಲ್ಕು ಕಾಸು ಉಳಿಯತೊಡಗಿದ ಕೂಡಲೇ ಮನೆಯ ಹಿರಿಯರು ಹೇಳುವ ಮಾತು ಒಂದೇ: ತಿಂಗಳು ತಿಂಗಳು ಬಾಡಿಗೆ ಕಟ್ಟುವುದೆಂದರೆ ಹೊಳೆಯಲ್ಲಿ ಹುಣಿಸೆಹಣ್ಣು ತೊಳೆದಂತೆ, ಅದೇ ಹಣವನ್ನು ಸಾಲದ ಕಂತಿಗೆ ಕಟ್ಟಿದರೆ ಮಳಿಗೆಯೇ ನಮ್ಮದಾಗುತ್ತದೆ. ಸಣ್ಣ ವ್ಯಾಪಾರಿಗಳ ಲೆಕ್ಕಪತ್ರ ನೋಡಿಕೊಳ್ಳುವ ನನಗೆ ಈ ಮಾತಿನ ಹಿಂದಿರುವ ಕಾಳಜಿ ಅರ್ಥವಾಗುತ್ತದೆ. ಆದರೆ ಬಾಡಿಗೆಯ ಹಣ ಮತ್ತು ಕಂತಿನ ಹಣ ಒಂದೇ ಆಗಿರುವುದು ತೀರ ಅಪರೂಪ.

ಜಿಲ್ಲಾ ಕೇಂದ್ರವೊಂದರಲ್ಲಿ ತಿಂಗಳಿಗೆ 18,000 ರೂಪಾಯಿ ಬಾಡಿಗೆಯ ಮಳಿಗೆಗೆ ಮಾಲೀಕರು 60 ಲಕ್ಷ ರೂಪಾಯಿ ಬೆಲೆ ಹೇಳುತ್ತಿದ್ದಾರೆಂದು ಇಟ್ಟುಕೊಳ್ಳೋಣ. ಮುದ್ರಾಂಕ ಶುಲ್ಕ ಶೇ 5, ಅದರ ಮೇಲಿನ ಸೆಸ್ ಮತ್ತು ಸರ್‌ಚಾರ್ಜ್, ಜೊತೆಗೆ 2025ರ ಆಗಸ್ಟ್ 31ರಿಂದ ಶೇ 2ಕ್ಕೆ ಏರಿರುವ ನೋಂದಣಿ ಶುಲ್ಕ ಸೇರಿದರೆ ಕ್ರಯಪತ್ರಕ್ಕೇ ಸುಮಾರು ನಾಲ್ಕೂವರೆ ಲಕ್ಷ ರೂಪಾಯಿ ಬೇಕು. ಬೆಲೆಯಲ್ಲಿ 20 ಲಕ್ಷವನ್ನು ಕೈಯಿಂದ ಹಾಕಿ, ಉಳಿದ 40 ಲಕ್ಷಕ್ಕೆ ಶೇ 10ರ ಬಡ್ಡಿಯಲ್ಲಿ 15 ವರ್ಷಗಳ ಸಾಲ ತೆಗೆದರೆ ಮಾಸಿಕ ಕಂತು ಹತ್ತಿರಹತ್ತಿರ 43,000 ರೂಪಾಯಿ ಆಗುತ್ತದೆ. ಬಾಡಿಗೆ ವರ್ಷಕ್ಕೆ ಶೇ 5ರಂತೆ ಏರುತ್ತ ಹೋದರೂ ಆ ಮೊತ್ತವನ್ನು ಮುಟ್ಟಲು ಹದಿನೆಂಟು ವರ್ಷ ಬೇಕು, ಅಷ್ಟರಲ್ಲಿ ಸಾಲವೇ ತೀರಿರುತ್ತದೆ. ಆಗ ಸ್ವತ್ತು ಕೈಯಲ್ಲಿ ಉಳಿಯುತ್ತದೆ, ಅದರ ಬೆಲೆಯೂ ಏರಿರಬಹುದು ಎಂಬುದು ನಿಜವೇ. ಆದರೆ ಅದು ಆಸ್ತಿ ಮಾಡುವವರ ಲೆಕ್ಕ. ವ್ಯಾಪಾರಿ ಮೊದಲು ಕೇಳಿಕೊಳ್ಳಬೇಕಾದದ್ದು, ಕೈಯಿಂದ ಹೋಗುವ ಆ ಇಪ್ಪತ್ತನಾಲ್ಕೂವರೆ ಲಕ್ಷ ಸರಕಿನಲ್ಲಿ ತೊಡಗಿದ್ದರೆ ವರ್ಷಕ್ಕೆ ಎಷ್ಟು ಸಲ ತಿರುಗುತ್ತಿತ್ತು ಎಂಬುದನ್ನು. ಗಿರಾಕಿ ಇದ್ದೂ ಸರಕು ಸಾಲದೆ ವಾಪಸ್ ಕಳುಹಿಸುವ ಅಂಗಡಿಗೆ ಮಳಿಗೆಯ ಖರೀದಿ ಹೊರೆ. ಸರಕು ತುಂಬಿ ಕೂತಿರುವ, ಇನ್ನು ಹಣ ಹಾಕಿದರೂ ಮಾರಾಟ ಹೆಚ್ಚದ ಅಂಗಡಿಗೆ ಅದೇ ಮಾತು ಅನ್ವಯಿಸುವುದಿಲ್ಲ.

ತೆರಿಗೆಯ ವಿಷಯ ಹಲವರು ಭಾವಿಸುವಷ್ಟು ನಿರ್ಣಾಯಕವಲ್ಲ. ಬಾಡಿಗೆ ಪೂರ್ತಿಯಾಗಿ ವ್ಯಾಪಾರದ ಖರ್ಚಾಗುತ್ತದೆ. ಸ್ವಂತ ಮಳಿಗೆಯಾದರೆ ಸಾಲದ ಬಡ್ಡಿ ಮತ್ತು ಕಟ್ಟಡದ ಮೇಲೆ ಶೇ 10ರ ಸವಕಳಿ (ಕಟ್ಟಡ ಹಳತಾಗುವುದಕ್ಕೆಂದು ವರ್ಷವರ್ಷ ಲೆಕ್ಕದಲ್ಲಿ ಕಳೆಯುವ ಮೊತ್ತ) ಖರ್ಚಿಗೆ ಬರುತ್ತವೆ, ಆದರೆ ನೆಲದ ಬೆಲೆಗೆ ಸವಕಳಿ ಇಲ್ಲ.

ಇನ್ನೊಂದು ತೊಡಕನ್ನು ನಮ್ಮ ಊರುಗಳ ಪೇಟೆಬೀದಿಗಳಲ್ಲಿ ನಡೆದಾಡಿದವರು ಬಲ್ಲರು. ಜನರ ಓಡಾಟವಿರುವ ಒಳ್ಳೆಯ ಮಳಿಗೆಗಳಲ್ಲಿ ಬಹುಪಾಲು ಹಳೆಯ ಮನೆಗಳ ನೆಲಮಹಡಿಯನ್ನು ಅಂಗಡಿಗಳಾಗಿ ಮಾಡಿದಂಥವು. ಒಂದೊಂದಕ್ಕೆ ಸ್ಥಳೀಯ ಸಂಸ್ಥೆಯ ಆಸ್ತಿ ದಾಖಲೆಯಲ್ಲಿ ಪ್ರತ್ಯೇಕ ಖಾತೆ ಇರುವುದಿಲ್ಲ, ಆದ್ದರಿಂದ ಒಂದೇ ಮಳಿಗೆಯನ್ನು ಬಿಡಿಸಿ ಮಾರುವುದು ಸುಲಭವಲ್ಲ. ಈಗಂತೂ ಇ-ಖಾತೆ, ಅಂದರೆ ಖಾತೆಯ ಡಿಜಿಟಲ್ ರೂಪ, ಇಲ್ಲದೆ ನಗರದ ಸ್ವತ್ತಿನ ನೋಂದಣಿಯೇ ಆಗುವುದಿಲ್ಲ. ಹೀಗಾಗಿ ಮಾರಾಟಕ್ಕೆ ಸಿಗುವುದು ಹೊಸ ವಾಣಿಜ್ಯ ಸಂಕೀರ್ಣದ ಮೊದಲ ಮಹಡಿಯೋ ನೆಲಮಾಳಿಗೆಯೋ ಆಗಿರುತ್ತದೆ. ರಸ್ತೆಬದಿಯ ಬಾಡಿಗೆ ಮಳಿಗೆಯನ್ನು ಬಿಟ್ಟು ಮೆಟ್ಟಿಲು ಹತ್ತಬೇಕಾದ ಸ್ವಂತ ಮಳಿಗೆಗೆ ಹೋದವರ ಮಾರಾಟ ಇಳಿದಿರುವುದನ್ನು ನಾನು ಅವರ ಲೆಕ್ಕದ ಪುಸ್ತಕಗಳಲ್ಲಿ ನೋಡಿದ್ದೇನೆ. ಒಳ್ಳೆಯ ಜಾಗ ಕೊಂಡರೂ ಅದು ಒಳ್ಳೆಯದಾಗಿಯೇ ಉಳಿಯುತ್ತದೆಂಬ ಭರವಸೆಯಿಲ್ಲ. ಬೆಂಗಳೂರಿನ ಇಂದಿರಾನಗರದ ಸಿಎಂಎಚ್ ರಸ್ತೆಯ ವ್ಯಾಪಾರಿಗಳು ಮೆಟ್ರೊ ಮಾರ್ಗವನ್ನು ಎಷ್ಟು ತೀವ್ರವಾಗಿ ವಿರೋಧಿಸಿದ್ದರೆಂಬುದು ಅನೇಕರಿಗೆ ನೆನಪಿರಬಹುದು. 2011ರಲ್ಲಿ ರೈಲು ಓಡುವವರೆಗಿನ ಕಾಮಗಾರಿಯ ವರ್ಷಗಳನ್ನು ಅವರು ಅಂಗಡಿಯ ಮುಂದೆಯೇ ಕಳೆಯಬೇಕಾಯಿತು. ಅಂಥ ಸಂದರ್ಭದಲ್ಲಿ ಬಾಡಿಗೆದಾರನಿಗೆ ಬೇರೆ ಬೀದಿಗೆ ಹೋಗುವ ದಾರಿಯಾದರೂ ಇರುತ್ತದೆ.

ಇಷ್ಟಾದರೂ ಜನ ಮಳಿಗೆ ಕೊಳ್ಳಲು ಹಂಬಲಿಸುವುದೇಕೆ? ನನ್ನ ಅನುಭವದಲ್ಲಿ ಅದರ ಮೂಲ ಲಾಭದ ಆಸೆಯಲ್ಲ, ಮಾಲೀಕರು ಯಾವಾಗ ಖಾಲಿ ಮಾಡಿಸುತ್ತಾರೋ ಎಂಬ ಭಯ. ಆ ಭಯಕ್ಕೆ ಕಾರಣವೂ ಇದೆ. ಕರ್ನಾಟಕ ಬಾಡಿಗೆ ಕಾಯಿದೆ, 1999 ಹದಿನಾಲ್ಕು ಚದರ ಮೀಟರಿಗಿಂತ, ಅಂದರೆ ಸುಮಾರು 150 ಚದರ ಅಡಿಗಿಂತ, ದೊಡ್ಡದಾದ ವಾಣಿಜ್ಯ ಮಳಿಗೆಗಳಿಗೆ ಅನ್ವಯಿಸುವುದಿಲ್ಲ. ಅವು 1882ರ ಸ್ವತ್ತು ವರ್ಗಾವಣೆ ಕಾಯಿದೆಯ ಅಡಿಯಲ್ಲಿ ಬರುತ್ತವೆ. ಅದರ ಪ್ರಕಾರ, ಬೇರೆ ಕರಾರು ಇಲ್ಲದಿದ್ದರೆ, ಅಂಗಡಿಯ ಬಾಡಿಗೆಯನ್ನು ಹದಿನೈದು ದಿನಗಳ ನೋಟಿಸಿನಿಂದ ಕೊನೆಗೊಳಿಸಬಹುದು. ನಮ್ಮಲ್ಲಿ ರೂಢಿಯಲ್ಲಿರುವ ಹನ್ನೊಂದು ತಿಂಗಳ ಕರಾರು ನೋಂದಣಿಯ ಖರ್ಚನ್ನು ಉಳಿಸುತ್ತದೆಯೇ ಹೊರತು ವ್ಯಾಪಾರಿಯನ್ನು ಕಾಯುವುದಿಲ್ಲ. ಬಣ್ಣ, ಕಪಾಟು, ದೀಪಗಳಿಗೆ ಲಕ್ಷಗಟ್ಟಲೆ ಸುರಿದವರು ಆ ಛಾಪಾ ಕಾಗದವನ್ನು ನಂಬಿ ಕೂತಿರುವುದನ್ನು ಕಂಡಾಗ ನನಗೆ ನಿಜಕ್ಕೂ ಆತಂಕವಾಗುತ್ತದೆ.

ಕೊಳ್ಳುವ ಮೊದಲು ಐದು ಅಥವಾ ಒಂಬತ್ತು ವರ್ಷಗಳ ಬಾಡಿಗೆ ಕರಾರನ್ನು ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಾಯಿಸಲು ಮಾಲೀಕರನ್ನು ಒಪ್ಪಿಸಿ ನೋಡಿ ಎಂದು ನಾನು ಒತ್ತಾಯಿಸುವುದು ಇದೇ ಕಾರಣಕ್ಕೆ. ಅದರ ಖರ್ಚು ಕ್ರಯಪತ್ರದ ಖರ್ಚಿನ ಮುಂದೆ ತೀರ ಸಣ್ಣದು. ಕಟ್ಟಡ ನಡುವೆ ಬೇರೆಯವರಿಗೆ ಮಾರಾಟವಾದರೂ ಹೊಸ ಮಾಲೀಕರು ಆ ಕರಾರಿಗೆ ಬದ್ಧರಾಗಿರಬೇಕಾಗುತ್ತದೆ. ಮಾಲೀಕರು ಅವಧಿಗೆ ಮೊದಲು ಬಿಡಿಸುವಂತಿಲ್ಲ, ವ್ಯಾಪಾರಿ ಮಾತ್ರ ಮೂರು ತಿಂಗಳ ನೋಟಿಸು ಕೊಟ್ಟು ಬಿಡಬಹುದು ಎಂಬ ಷರತ್ತು, ವರ್ಷಕ್ಕೆ ಬಾಡಿಗೆ ಎಷ್ಟು ಏರಬೇಕೆಂಬ ಅಂಕಿ, ಅಡ್ವಾನ್ಸ್ ಹಣ ಬೀಗದ ಕೈ ಒಪ್ಪಿಸಿದ ದಿನವೇ ಹಿಂದಿರುಗಬೇಕೆಂಬ ಮಾತು, ವಿದ್ಯುತ್ ಲೋಡ್ ಹೆಚ್ಚಿಸಿಕೊಳ್ಳಲು ಒಪ್ಪಿಗೆ, ಜಿಎಸ್‌ಟಿ ಯಾರ ಪಾಲಿಗೆ ಎಂಬ ಸ್ಪಷ್ಟತೆ, ಇವೆಲ್ಲ ಅದರಲ್ಲಿ ಬರಹದಲ್ಲಿರಬೇಕು. ಇಷ್ಟಕ್ಕೆ ಒಪ್ಪುವ ಮಾಲೀಕರು ಸಿಕ್ಕರೆ ಬಾಡಿಗೆ ಎರಡು ಸಾವಿರ ಹೆಚ್ಚಾದರೂ ಒಪ್ಪಿಕೊಳ್ಳುವುದು ಲೇಸು.

ಕೊಳ್ಳಲೇಬೇಕಾದ ವ್ಯಾಪಾರಗಳೂ ಇವೆ. ಬೇಕರಿಯ ಒಲೆ, ಹಿಟ್ಟಿನ ಗಿರಣಿಯ ಯಂತ್ರ ಮತ್ತು ಅದರ ಮೂರು ಫೇಸ್ ಸಂಪರ್ಕ, ರಕ್ತಪರೀಕ್ಷೆಯ ಲ್ಯಾಬಿನ ಒಳರಚನೆ, ಇವನ್ನು ಕಿತ್ತು ಬೇರೆಡೆ ಹೂಡುವುದಕ್ಕೆ ತಗಲುವ ವೆಚ್ಚ ಮತ್ತು ನಿಂತುಹೋಗುವ ದಿನಗಳ ನಷ್ಟ ದೊಡ್ಡದು. ಅಂಥವರು ಕೈಯಲ್ಲಿ ಆರು ತಿಂಗಳ ಖರ್ಚಿನಷ್ಟು ಹಣ ಉಳಿಸಿಕೊಂಡೂ ಕೊಳ್ಳಬಲ್ಲರಾದರೆ ಕೊಳ್ಳಲಿ. ಆದರೆ ಅಣ್ಣತಮ್ಮಂದಿರು ಕೂಡಿ ನಡೆಸುವ ಅಂಗಡಿಯಾಗಿದ್ದರೆ, ಮುಂಗಡ ಕೊಡುವ ಮೊದಲೇ ಕ್ರಯಪತ್ರ ಯಾರ ಹೆಸರಿಗೆ ಆಗಬೇಕು, ಯಾರ ಹಣ ಎಷ್ಟು ಎಂಬುದನ್ನು ಕೂತು ಬರೆದುಕೊಳ್ಳಬೇಕು. ಮುಂದೆ ಬೇರೆಯಾಗುವ ಹೊತ್ತು ಬಂದರೆ ಸರಕನ್ನು ಒಂದೇ ದಿನದಲ್ಲಿ ಹಂಚಿಕೊಳ್ಳಬಹುದು. ಮುನ್ನೂರು ಚದರ ಅಡಿಯ ಮಳಿಗೆಯನ್ನು ಹಂಚಿಕೊಳ್ಳಲು ನ್ಯಾಯಾಲಯಕ್ಕೆ ಹೋದ ಕುಟುಂಬಗಳಿವೆ.