ಫ್ಯಾಟಿ ಲಿವರ್: ಕೊಬ್ಬಿನ ಬೆನ್ನಿಗೇ ಬರುವ ಉರಿಯೂತ

ಅಲ್ಟ್ರಾಸೌಂಡ್ ವರದಿಯಲ್ಲಿ ‘ಗ್ರೇಡ್ 1 ಫ್ಯಾಟಿ ಲಿವರ್’ ಎಂಬ ಸಾಲನ್ನು ಓದಿ ಕಳವಳಗೊಂಡವರು ಈಗ ನನ್ನ ಬಳಗದಲ್ಲೇ ಹಲವರಿದ್ದಾರೆ. ಆ ಗ್ರೇಡ್ ತಿಳಿಸುವುದು ಯಕೃತ್ತಿನಲ್ಲಿ ಶೇಖರವಾದ ಕೊಬ್ಬಿನ ಅಂದಾಜನ್ನು ಮಾತ್ರ. ಅಲ್ಲಿ ಉರಿಯೂತ ಹುಟ್ಟಿದೆಯೇ, ಗಾಯದ ಕಲೆಯಂತೆ ನಾರುಗಟ್ಟುತ್ತಿದೆಯೇ (ಫೈಬ್ರೋಸಿಸ್) ಎಂಬುದು ಅದರಿಂದ ತಿಳಿಯುವುದಿಲ್ಲ. ರೋಗ ಎತ್ತ ಸಾಗುತ್ತದೆ ಎಂಬುದನ್ನು ಹೆಚ್ಚಾಗಿ ನಿರ್ಧರಿಸುವುದು ಈ ನಾರುಗಟ್ಟುವಿಕೆಯೇ. ಅದರ ಹಿಂದೆ ನಮ್ಮದೇ ರೋಗನಿರೋಧಕ ವ್ಯವಸ್ಥೆಯ ಕೈವಾಡವಿದೆ.

ಯಕೃತ್ತಿಗೆ ಬರುವ ರಕ್ತದ ಸುಮಾರು ಮುಕ್ಕಾಲು ಪಾಲು ಕರುಳಿನ ಕಡೆಯಿಂದ ಬರುವುದರಿಂದ, ಅದರ ಸೂಕ್ಷ್ಮ ರಕ್ತನಾಳಗಳ ಒಳಗೋಡೆಗೆ ಅಂಟಿಕೊಂಡು ಕುಪ್ಫರ್ ಕೋಶಗಳೆಂಬ ಕಾವಲುಗಾರರು ಸದಾ ಕುಳಿತಿರುತ್ತಾರೆ. ಬ್ಯಾಕ್ಟೀರಿಯಾಗಳನ್ನೂ ಸತ್ತ ಕೋಶಗಳನ್ನೂ ನುಂಗಿ ಶುಚಿಗೊಳಿಸುವುದು ಅವುಗಳ ಕೆಲಸ. ಸಕ್ಕರೆ, ಅದರಲ್ಲೂ ಸಿಹಿ ಪಾನೀಯಗಳ ಫ್ರಕ್ಟೋಸ್, ಅತಿಯಾದಾಗ ಯಕೃತ್ತು ಅದನ್ನು ಕೊಬ್ಬಾಗಿ ಪರಿವರ್ತಿಸುತ್ತದೆ. ಟ್ರೈಗ್ಲಿಸರೈಡ್ ರೂಪದಲ್ಲಿ ಕೂಡಿಟ್ಟ ಕೊಬ್ಬು ಅಷ್ಟಾಗಿ ಕಾಡದು. ಆದರೆ ಪಾಲ್ಮಿಟಿಕ್ ಆಮ್ಲದಂತಹ ಸ್ಯಾಚುರೇಟೆಡ್ ಕೊಬ್ಬಿನಾಮ್ಲಗಳು ಮಿತಿಮೀರಿದಾಗ ಯಕೃತ್ತಿನ ಕೋಶಗಳು ಘಾಸಿಗೊಂಡು ಸಾಯತೊಡಗುತ್ತವೆ. ಇದರ ಜೊತೆಗೆ ಕರುಳಿನ ತಡೆಗೋಡೆ ಸಡಿಲಗೊಂಡು ಬ್ಯಾಕ್ಟೀರಿಯಾಗಳ ಅಂಶಗಳು ಒಳನುಸುಳಿದರೆ, ಕುಪ್ಫರ್ ಕೋಶಗಳು ಸೋಂಕೇ ತಗುಲಿತೆಂಬಂತೆ ಪ್ರತಿಕ್ರಿಯಿಸಿ, ರಾಸಾಯನಿಕ ಸಂಕೇತಗಳಿಂದ ರಕ್ತದಲ್ಲಿರುವ ಬಿಳಿ ರಕ್ತಕಣಗಳಾದ ಮಾನೊಸೈಟ್‌ಗಳನ್ನು ಕರೆತರುತ್ತವೆ. ಹೀಗೆ ಬಂದವು ಉರಿಯೂತವನ್ನು ಹೆಚ್ಚಿಸುತ್ತವೆ. ಮತ್ತೊಂದು ಬಗೆಯ ಬಿಳಿ ರಕ್ತಕಣಗಳಾದ ಟಿ ಕೋಶಗಳೂ ಸೇರಿಕೊಳ್ಳುತ್ತವೆ. ಕೊನೆಗೆ ನಕ್ಷತ್ರಾಕಾರದ ಸ್ಟೆಲೇಟ್ ಕೋಶಗಳು ಕೊಲ್ಯಾಜನ್ ಎಂಬ ನಾರಿನಂಥ ಪ್ರೋಟೀನನ್ನು ಸುರಿಸತೊಡಗುತ್ತವೆ. ಗಾಯ ಮಾಯಿಸಲೆಂದು ಆರಂಭವಾದ ಈ ಕೆಲಸ ನಿಲ್ಲದೆ ವರ್ಷಗಟ್ಟಲೆ ನಡೆದರೆ ಯಕೃತ್ತು ಗಟ್ಟಿಯಾಗಿ ಕುಗ್ಗುವ ಸಿರೋಸಿಸ್ ಉಂಟಾಗಬಹುದು.

ಆದ್ದರಿಂದಲೇ, ಫ್ಯಾಟಿ ಲಿವರ್ ಇರುವವರು ‘ಇಮ್ಯುನಿಟಿ ಬೂಸ್ಟರ್’ ಪುಡಿ, ಕಷಾಯಗಳಿಗೆ ಮೊರೆಹೋಗುವುದನ್ನು ಕಂಡಾಗ ನನಗೆ ಆತಂಕವಾಗುತ್ತದೆ. ಇಲ್ಲಿ ಆಗಬೇಕಾದದ್ದು ನಿರೋಧಕ ವ್ಯವಸ್ಥೆಯನ್ನು ಕೆರಳಿಸುವುದಲ್ಲ. ಅಮೃತಬಳ್ಳಿ ಸೇವಿಸಿದ ಕೆಲವರಲ್ಲಿ ಯಕೃತ್ತಿಗೆ ಹಾನಿಯಾದದ್ದನ್ನು ಮುಂಬೈನ ವೈದ್ಯರು 2021ರಲ್ಲಿ ವರದಿ ಮಾಡಿದ್ದರು. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ. ಆದರೂ ಯಕೃತ್ತಿನ ತೊಂದರೆ ಇರುವವರು ವೈದ್ಯರನ್ನು ಕೇಳದೆ ಇಂಥವನ್ನು ಸೇವಿಸಬಾರದೆಂಬುದು ನನ್ನ ದೃಢ ಅಭಿಪ್ರಾಯ.

ಅಧಿಕ ತೂಕವಿರುವವರು ದೇಹತೂಕದ ಶೇ. 5ರಷ್ಟನ್ನು ಇಳಿಸಿದರೆ ಯಕೃತ್ತಿನ ಕೊಬ್ಬು ಕರಗತೊಡಗುತ್ತದೆ, ಶೇ. 7ರಿಂದ 10ರಷ್ಟು ಇಳಿಸಿದರೆ ಉರಿಯೂತವೂ ತಗ್ಗುತ್ತದೆ. ಅದಕ್ಕೂ ಹೆಚ್ಚು ಇಳಿಸಿದ ಹಲವರಲ್ಲಿ ನಾರುಗಟ್ಟಿದ ಭಾಗವೂ ಹಿಮ್ಮೆಟ್ಟಿರುವುದು ಕಂಡುಬಂದಿದೆ. ನಾರುಗಟ್ಟುವಿಕೆಯ ಸುಳಿವು ಪಡೆಯಲು ವಯಸ್ಸು, ಎಎಸ್‌ಟಿ, ಎಎಲ್‌ಟಿ (ರಕ್ತದಲ್ಲಿ ಅಳೆಯುವ ಯಕೃತ್ತಿನ ಕಿಣ್ವಗಳು), ಪ್ಲೇಟ್‌ಲೆಟ್ ಸಂಖ್ಯೆ ಇಷ್ಟನ್ನೇ ಬಳಸುವ ಫಿಬ್-4 ಎಂಬ ಲೆಕ್ಕವಿದೆ. ಅದು 1.3ಕ್ಕಿಂತ ಹೆಚ್ಚು ಬಂದವರಿಗೆ ಸಾಮಾನ್ಯವಾಗಿ ಯಕೃತ್ತಿನ ಗಡುಸುತನ ಅಳೆಯುವ ಫೈಬ್ರೊಸ್ಕ್ಯಾನ್‌ನಂತಹ ಮುಂದಿನ ಪರೀಕ್ಷೆಯನ್ನು ಸೂಚಿಸುತ್ತಾರೆ. ವರದಿ ಹಿಡಿದು ವೈದ್ಯರ ಬಳಿಗೆ ಹೋಗುವವರು ಗ್ರೇಡಿನ ಜೊತೆಗೆ ಈ ಸಂಖ್ಯೆಯನ್ನೂ ಕೇಳಿ ತಿಳಿದುಕೊಳ್ಳಬೇಕು.