ಇ-ರೀಡರ್ ಮತ್ತು ಅಚ್ಚು ಪುಸ್ತಕದಲ್ಲಿ ಕನ್ನಡ ಓದಿನ ವೇಗ: ಉಡುಪಿಯಲ್ಲಿ ಈವರೆಗೆ ಆದ ಕೆಲಸ

ಕನ್ನಡವನ್ನು ಇ-ರೀಡರಿನಲ್ಲಿ ಓದುವ ವೇಗ ಅಚ್ಚಿಗಿಂತ ಎಷ್ಟು ಬೇರೆ ಎಂದು ಅಳೆಯಲು ಹೊರಟಿದ್ದೇವೆ. ಪಠ್ಯ ಆಯ್ಕೆ ಮುಗಿದಿದೆ, ಎಣಿಕೆಯ ಸೂತ್ರ ಗಟ್ಟಿಯಾಗಿದೆ, ಪುಟವಿನ್ಯಾಸ ಇನ್ನೂ ತಿದ್ದುಪಡಿಯಲ್ಲಿದೆ. ಗಡಿಯಾರ ಹಿಡಿಯುವುದು ಅದಾದ ಮೇಲೆಯೇ.

ಈ ವಿಷಯ ಬಂದಾಗಲೆಲ್ಲ ವೆಬ್ ಬಳಕೆಯ ತಜ್ಞ ಯಾಕೋಬ್ ನೀಲ್ಸನ್ 2010ರಲ್ಲಿ 24 ಓದುಗರೊಂದಿಗೆ ನಡೆಸಿದ ಪರೀಕ್ಷೆಯ ಮಾತು ಬರುತ್ತದೆ: ಅಚ್ಚಿಗಿಂತ ಐಪ್ಯಾಡ್‌ನಲ್ಲಿ ಶೇ. 6.2, ಕಿಂಡಲ್ 2ರಲ್ಲಿ ಶೇ. 10.7 ನಿಧಾನ. ಆ ಕಿಂಡಲ್ ಪರದೆಯಲ್ಲಿ ಇಂಚಿಗೆ 167 ಚುಕ್ಕೆ. ಈಗಿನ ಹೆಚ್ಚಿನ ಇ-ರೀಡರ್‌ಗಳಲ್ಲಿ 300. ಓದಿದ್ದೂ ಇಂಗ್ಲಿಷ್. ಒತ್ತಕ್ಷರ ಸಾಲಿನ ಕೆಳಗಿಳಿಯುವ ಲಿಪಿಗೆ ಆ ಅಂಕಿಯನ್ನು ಹೊರಿಸಲಾಗದು.

ನಿಮಿಷಕ್ಕೆ ಇಷ್ಟು ಪದ ಎಂಬ ಲೆಕ್ಕವನ್ನೂ ಕೈಬಿಟ್ಟಿದ್ದೇವೆ. ಒಬ್ಬರು ಬಿಡಿಸಿ ಬರೆದದ್ದನ್ನು ಇನ್ನೊಬ್ಬರು ಕೂಡಿಸಿ ಬರೆಯುತ್ತಾರೆ, ಪದಸಂಖ್ಯೆ ಅಲ್ಲಿಗೇ ಏರುಪೇರು. ನಮ್ಮ ಮಾನ ನಿಮಿಷಕ್ಕೆ ಎಷ್ಟು ಅಕ್ಷರ. ‘ಸ್ತ್ರೀ’ಯಲ್ಲಿ ಕಂಪ್ಯೂಟರ್‌ಗೆ ಕಾಣುವುದು 6 ಯೂನಿಕೋಡ್ ಸಂಕೇತ, ಓದುಗನಿಗೆ ಒಂದೇ ಅಕ್ಷರ. ಸೂತ್ರ ಸರಳ: ಬಿಡಿ ಸ್ವರಗಳನ್ನೂ ವ್ಯಂಜನಗಳನ್ನೂ ಕೂಡಿ, ಹಲಂತದ (್ ಚಿಹ್ನೆಯ) ಬೆನ್ನಿಗೇ ಬರುವ ವ್ಯಂಜನಗಳನ್ನು ಕಳೆಯಿರಿ.

ಪಠ್ಯ ಬಂಟ್ವಾಳದ ಪಂಜೆ ಮಂಗೇಶರಾಯರ (1874–1937) ಗದ್ಯ. ತೀರಿಕೊಂಡು 60 ವರ್ಷ ದಾಟಿರುವುದರಿಂದ ಹಕ್ಕುಸ್ವಾಮ್ಯದ ತೊಡಕಿಲ್ಲ. ಶಾಲೆಯಲ್ಲಿ ಓದಿಸಿದ ಭಾಗಗಳನ್ನು ಬಿಟ್ಟಿದ್ದೇವೆ. ಬಾಯಿಪಾಠದಂತಿರುವುದನ್ನು ಯಾರೂ ಓದುವುದಿಲ್ಲ, ಕಣ್ಣಾಡಿಸುತ್ತಾರೆ ಅಷ್ಟೆ.

ತುಂಬ ಸಮಯ ತಿನ್ನುವುದು ಕಡತ ಶುದ್ಧಿ. ಹಳೆಯ ‘ನುಡಿ’, ‘ಬರಹ’ ತಂತ್ರಾಂಶಗಳ ಫಾಂಟ್‌ಗಳಿಂದ ಯೂನಿಕೋಡ್‌ಗೆ ತರುವಾಗ ಅರ್ಕಾವತ್ತು ಜಾಗ ತಪ್ಪಿ ‘ಕಾರ್ಯ’ ಹೋಗಿ ‘ಕಾಯರ್’ ಆಗುತ್ತದೆ. ಓದುಗ ಅಲ್ಲಿ ತಡವರಿಸಿದರೆ ದೂರು ಪರದೆಯ ಮೇಲೆ ಬೀಳುತ್ತದೆ! ‘ಯರ್’ ಎಂದು ಹುಡುಕಿ ಒಂದೊಂದನ್ನೂ ಕಣ್ಣಾರೆ ನೋಡಿಯೇ ತಿದ್ದಬೇಕು. ಒಟ್ಟಿಗೆ ಬದಲಿಸಿದರೆ ‘ಹಿರಿಯರ್ಯಾರು’ ತರಹದ ಸರಿಯಾದ ಪದಗಳೂ ಕೆಡುತ್ತವೆ. ಪಿಡಿಎಫ್ ಬೇಡವೇ ಬೇಡ. ಡೆಮಿ 1/8 (ಮಾಮೂಲಿ ಪುಸ್ತಕದ ಅಳತೆ) ಪುಟದ ಅಗಲ ಸುಮಾರು 14 ಸೆಂ.ಮೀ., 6 ಇಂಚಿನ ಪರದೆಯದು 9. ಅಕ್ಷರ ಮೂರರಲ್ಲೆರಡು ಪಾಲಿಗೆ ಕುಗ್ಗಿ ಒತ್ತುಗಳು ಕಲಸಿಹೋಗುತ್ತವೆ. ಪರದೆಗೆ ತಕ್ಕಂತೆ ಸಾಲು ಮರುಹೊಂದಿಸುವ ಇಪಬ್ ಕಡತ ಒಂದೇ ದಾರಿ.

ಅಚ್ಚಿಗೂ ಪರದೆಗೂ ನೋಟೊ ಸೆರಿಫ್ ಕನ್ನಡ ಫಾಂಟ್. ಪಾಯಿಂಟ್ ಸಂಖ್ಯೆ ನಂಬದೆ ‘ಕ’ದ ಎತ್ತರವನ್ನು ಕ್ಯಾಲಿಪರ್‌ನಲ್ಲಿ ಅಳೆದು ಹೊಂದಿಸುತ್ತೇವೆ, 300 ಚುಕ್ಕೆಯ ಪರದೆಯಲ್ಲಿ 1 ಮಿ.ಮೀ. ಎಂದರೆ ಸುಮಾರು 12 ಚುಕ್ಕೆ. ಸಾಲಂತರ ಅಕ್ಷರದ ಗಾತ್ರದ 1.2 ಪಟ್ಟು ಇಟ್ಟರೆ ‘ಷ್ಟ್ರ’ದಂಥ ಜೋಡಿ ಒತ್ತು ಕೆಳಸಾಲಿನ ಗುಡಿಸಿಗೆ ತಾಗುತ್ತದೆ, ಆದ್ದರಿಂದ 1.6. ಎರಡೂ ಅಂಚು ಸಮ ಮಾಡಬಾರದು: ಉದ್ದ ಪದಗಳು, ಕಿರಿದಾದ ಸಾಲು, ನಡುವೆ ದೊಡ್ಡ ಕಂದಕ. ಮೊದಲ ಸುತ್ತಿನಲ್ಲಿ ಅಚ್ಚಿನ ಅಂಕಣವೂ ಪರದೆಯ ಸಾಲಿನಷ್ಟೇ, 8 ಸೆಂ.ಮೀ.; ಎರಡನೆಯದರಲ್ಲಿ ಮಾಮೂಲಿ ಪುಸ್ತಕದ ಪುಟ. ಮೊದಲನೆಯದು ಮಾಧ್ಯಮವನ್ನು ಅಳೆಯುತ್ತದೆ, ಎರಡನೆಯದು ನಿಜವಾದ ಓದನ್ನು. ಎರಡನ್ನೂ ಬೆರೆಸಿ ಸರಾಸರಿ ತೆಗೆಯುವಂತಿಲ್ಲ.

ಚಿಕ್ಕ ಪರದೆಯಲ್ಲಿ ಪುಟ ತಿರುವುವುದು ಹೆಚ್ಚು. ಆ ಸಮಯ ಬೇರೆ ಬರೆದಿಡಬೇಕು. ಪ್ರತಿ ಪುಟಕ್ಕೂ ಪರದೆ ಕಪ್ಪಾಗಿ ಮಿಂಚುವ ಪೂರ್ಣ ರಿಫ್ರೆಶ್ ಆಫ್.

ಉಡುಪಿಯಲ್ಲಿ ಮನೆಮಾತು ತುಳು, ಕೊಂಕಣಿ, ಬ್ಯಾರಿ, ಕುಂದಾಪುರ ಕನ್ನಡ ಏನೂ ಆಗಿರಬಹುದು. ಕಲಿತ ಮಾಧ್ಯಮವೂ ಬೇರೆ ಬೇರೆ. ಹಾಗಾಗಿ ಒಬ್ಬರ ವೇಗವನ್ನು ಇನ್ನೊಬ್ಬರದಕ್ಕೆ ಹೋಲಿಸದೆ, ಅವರವರ ಪರದೆಯ ವೇಗವನ್ನು ಅವರವರ ಅಚ್ಚಿನ ವೇಗಕ್ಕೇ ಹೋಲಿಸುತ್ತೇವೆ. ಪಠ್ಯದ ನಾಲ್ಕು ಭಾಗ, ಅರ್ಧ ಮಂದಿಗೆ ಅಚ್ಚು ಮೊದಲು, ಉಳಿದವರಿಗೆ ಪರದೆ. ಪ್ರತಿ ಭಾಗಕ್ಕೂ 8 ಪ್ರಶ್ನೆ. 6ಕ್ಕಿಂತ ಕಡಿಮೆ ಸರಿಯಾದರೆ ಆ ವೇಗ ಲೆಕ್ಕಕ್ಕಿಲ್ಲ.

ಮಳೆಗಾಲದ ಬೆಳಕು ಗಳಿಗೆಗೊಂದು ಬಗೆ. ಕಿಟಕಿ ಮುಚ್ಚಿ ಒಂದೇ ಎಲ್ಇಡಿ ದೀಪ. ಮುಂದಿನ ಕೆಲಸ: 70 ಜಿಎಸ್ಎಂ ಮ್ಯಾಪ್ಲಿಥೊ ಕಾಗದದಲ್ಲಿ ಪ್ರತಿಗಳನ್ನು ಮುದ್ರಿಸಿ ಹೊಲಿಸುವುದು, ಬಳಸುವವರೆಗೆ ಸಿಲಿಕಾ ಜೆಲ್ ಹಾಕಿದ ಡಬ್ಬಿಯಲ್ಲಿಡುವುದು. ಥಂಡಿ ಹಿಡಿದ ಹಾಳೆ ಒಂದಕ್ಕೊಂದು ಅಂಟಿ, ಪುಟ ತಿರುವುವ ಸಮಯ ಅಚ್ಚಿನ ಕಡೆ ಸುಮ್ಮನೆ ಹಿಗ್ಗುತ್ತದೆ.